ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಅವರೆ ಹಿದುಕಿದ ದಿನ

ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ಚಿಕ್ಕದೊಂದು ರಂಗೋಲಿ ಬಿಟ್ಟೆ. ದೇವರ ಮನೆ ಒರೆಸಿದೆ. ಯಜಮಾನರಿಗೆ ಎರಡು ಸಲ ಕಾಫಿ. ಎರಡನೆಯದು ಅವರು ಕೇಳಿದ್ದಲ್ಲ, ಕೈ ಸುಮ್ಮನಿರದೆ ನಾನೇ ಮಾಡಿದ್ದು. ಉಪ್ಪಿಟ್ಟು. ನೆನೆದ ಅವರೆಕಾಳಿನ ನೀರು ಬಸಿದೆ. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಎರಡು ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಅವರೆ ಹಿದುಕಿದೆ: ಮನೆಯಲ್ಲಿ ಒಂದು ಹಿಡಿ, ಉಳಿದದ್ದೆಲ್ಲ ಆಸ್ಪತ್ರೆಯಲ್ಲಿ. ಮಗಳ ಫೈಲು ತಂದೆವು. ಕಾಯಿ ತುರಿದೆ. ಸಾರು ಕುದಿಸಿದೆ.

ಆ ದಿನದ ಡೈರಿಯ ಪುಟದಲ್ಲಿ, ಕೊನೆಯ ಎರಡು ಮೂರು ಸಾಲು ಬಿಟ್ಟರೆ, ಇಷ್ಟಿದೆ. ಆದರೆ ಇದರ ಮೇಲುಗಡೆ, ಬೇರೆ ಪೆನ್ನಿನಲ್ಲಿ ಬರೆದ ನಾಲ್ಕು ಸಾಲುಗಳಿವೆ. ಅವುಗಳ ಮೇಲೆ ಅಡ್ಡಗೀಟು ಎಳೆದಿದ್ದೇನೆ. ಕಾಗದ ಹರಿಯುವಷ್ಟು ಜೋರಾಗಿ ಎಳೆದ ಗೀಟು. ಅದು ಯಾಕೆಂದು ಹೇಳಬೇಕಾದರೆ ಮೊದಲು ಡೈರಿಯ ಸಮಾಚಾರ ಹೇಳಬೇಕು.

ನಮ್ಮದು ಅಗ್ರಹಾರದ ಒಂದು ಕಿರಿದಾದ ಬೀದಿಯಲ್ಲಿ ಪೂಜಾ ಸಾಮಾನಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ವಿಭೂತಿ, ಕರ್ಪೂರ, ಊದುಬತ್ತಿ, ದೀಪದ ಬತ್ತಿ, ಇಷ್ಟಲಿಂಗದ ಕರಡಿಗೆಗೆ ಕಟ್ಟುವ ಶಿವದಾರ, ಮಠದ ಕಡೆಯವರು ಬಂದು ಕೇಳುವ ಒಂದೆರಡು ಸಾಮಾನು. ಅಷ್ಟೇ ವ್ಯಾಪಾರ. ಕರ್ಪೂರ ತಂದು ಹಾಕುವವರು ಪ್ರತಿ ವರ್ಷ ಒಂದು ಡೈರಿ ಕೊಡುತ್ತಾರೆ. ಯಜಮಾನರಿಗೆ ಬರೆಯುವುದೆಂದರೆ ಅಲರ್ಜಿ. ಹಾಗಾಗಿ ನಾನು ಸೊಸೆಯಾಗಿ ಬಂದ ವರ್ಷದಿಂದಲೂ ಆ ಡೈರಿ ನನ್ನ ಪಾಲಿಗೆ. ಏನು ಅಡುಗೆ, ಯಾರು ಬಂದರು, ಯಾರಿಗೆ ನೆಗಡಿ, ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲ ಅದರಲ್ಲಿದೆ. ಮನೆಯಲ್ಲಿ ಯಾರಿಗಾದರೂ ಜಗಳ ಬಂದರೆ, "ತೆಗಿ ನಿನ್ ಡೈರಿ" ಎನ್ನುತ್ತಾರೆ. ನಾನು ತೆಗೆಯುತ್ತೇನೆ. ಜಗಳ ಅಲ್ಲಿಗೆ ಮುಗಿಯುತ್ತದೆ.

ಮಗಳು ಒಬ್ಬಳೇ. ನರ್ಸಿಂಗ್ ಓದಿದಳು. ಕೋರ್ಸು ಮುಗಿಸಿ, ರಿಜಿಸ್ಟರ್ ಮಾಡಿಸಿಕೊಂಡು, ಹಿನಕಲ್ ಕಡೆ ಹೋಗುವ ಬಸ್ಸಿನಲ್ಲಿ ಕೂತರೆ ಸಿಗುವ ಒಂದು ಹೊಸ ಬಡಾವಣೆಯ ಖಾಸಗಿ ಆಸ್ಪತ್ರೆಗೆ ಸೇರಿದಳು. ಮೊದಲ ಕೆಲಸ. ಸೇರಿದ ದಿನ ಅವಳಪ್ಪ ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಬಿಲ್ಲೆ ಕರ್ಪೂರ ಹೆಚ್ಚಿಗೆ ಹಾಕಿ ಕೊಟ್ಟರು. ನಾನು ಬಿಳಿ ಸಮವಸ್ತ್ರಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದೆ. ಗಂಜಿ ಜಾಸ್ತಿಯಾಗಿ, "ಅಮ್ಮಾ, ಇದು ನಿಂತ್ಕೊಂಡೇ ಆಸ್ಪತ್ರೆಗೆ ಹೋಗುತ್ತೆ, ನಾನ್ಯಾಕೆ?" ಎಂದು ನಕ್ಕಳು.

ಸೇರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ರಿಜಿಸ್ಟ್ರೇಷನ್ ಪತ್ರದವರೆಗೆ ಎಲ್ಲ ಅಸಲು ಪತ್ರಗಳನ್ನು ಇಸಿದುಕೊಂಡರು. "ಸೇಫಾಗಿರುತ್ತೆ, ನಮ್ಮ ಬೀರುನಲ್ಲೇ ಇರುತ್ತೆ" ಎಂದರಂತೆ. ನಾನೂ ಪೆದ್ದಿ, ಡೈರಿಯಲ್ಲಿ "ಆರು ಪತ್ರಗಳು ಆಸ್ಪತ್ರೆಯ ಬೀರುನಲ್ಲಿ ಸೇಫ್" ಎಂದು ಬರೆದುಕೊಂಡೆ.

ಐದು ತಿಂಗಳಲ್ಲಿ ಮಗಳು ಸೊರಗಿದಳು. ಎರಡು ಮಹಡಿಗೆ ಒಬ್ಬಳೇ ನರ್ಸು, ಜೊತೆಗೊಬ್ಬರು ಆಯಾ. ಕೆಳಗೆ ಡ್ರಿಪ್ ಮುಗಿದರೆ ಮೇಲೆ ಬೆಲ್ಲು. ಮೇಲೆ ಹೋದರೆ ಕೆಳಗೆ ಕೂಗು. ಮನೆಗೆ ಬಂದರೂ ಹಾಸಿಗೆಯಲ್ಲಿ ಹೊರಳಾಡುತ್ತಿದ್ದಳು. ಕಣ್ಣು ಮುಚ್ಚಿದರೆ ಬೆಲ್ಲು ಕೇಳುತ್ತದಂತೆ. ನಾನು ಬಾದಾಮಿ ಹಾಲು ಕೊಟ್ಟೆ, ತಲೆಗೆ ಎಣ್ಣೆ ತಟ್ಟಿದೆ, "ಹೊಸದರಲ್ಲಿ ಎಲ್ಲರಿಗೂ ಹಂಗೇ" ಎಂದೆ.

ವಾರದ ರಜೆಯ ದಿನ ಮಾರ್ಕೆಟ್ಟಿನಿಂದ ಅವರೆಕಾಯಿ ತಂದಿದ್ದೆ. ಚಳಿಗಾಲದ ಸೊಗಡವರೆ, ಚೀಲ ಬಿಚ್ಚಿದರೆ ಬೀದಿಗೆಲ್ಲ ವಾಸನೆ. ಮಧ್ಯಾಹ್ನ ನಡುಮನೆಯಲ್ಲಿ ಪೇಪರು ಹಾಸಿಕೊಂಡು ನಾವಿಬ್ಬರೂ ಕಾಯಿ ಸುಲಿಯಲು ಕೂತೆವು. ಯಜಮಾನರು ಗಿರಾಕಿ ಇಲ್ಲದಾಗ ಬಂದು ನಾಲ್ಕು ಕಾಯಿ ಸುಲಿದು ಹೋಗುತ್ತಿದ್ದರು. ಸುಲಿಯುತ್ತಾ ಸುಲಿಯುತ್ತಾ ಅವಳು ಹಿಂದಿನ ದಿನದ ಸಂಗತಿ ಹೇಳಿದಳು.

ಎರಡನೇ ಶಿಫ್ಟು. ಹರ್ನಿಯಾ ಆಪರೇಷನ್ ಆದ ಒಬ್ಬ ಅಜ್ಜ ಕಿಟಕಿ ಪಕ್ಕದ ಹಾಸಿಗೆಯಲ್ಲಿ. ಅವರ ಹೆಂಡತಿ ಬಂದು, "ಮಗಾ, ನಮ್ಮೆಜಮಾನ್ರು ಕಾಫಿ ಅಂದ್ರೂ ಕಣ್ ಬುಡ್ತಾ ಇಲ್ಲ" ಎಂದರಂತೆ. ಓಡಿಹೋಗಿ ನೋಡಿದರೆ ಬಿ.ಪಿ. ಎಂಬತ್ತಕ್ಕೆ ಐವತ್ತು. ಡಾಕ್ಟರನ್ನು ಕರೆಸಿ, ಡ್ರಿಪ್ ಹಾಕಿ, ಕಾಲು ಎತ್ತರಿಸಿ, ಒಂದು ಗಂಟೆ ಒದ್ದಾಡಿದ ಮೇಲೆ ಅಜ್ಜ ಕಣ್ಣು ಬಿಟ್ಟರು. ಬಿಟ್ಟವರೇ ಬೋಂಡ ಕೇಳಿದರಂತೆ.

"ಒಳ್ಳೇದಾಯ್ತಲ್ಲಾ ಮತ್ತೆ!" ಎಂದೆ ನಾನು.

"ಕೇಳು. ಬಿ.ಪಿ. ನೋಡಿದ ತಕ್ಷಣ ಬರೆಯೋಣ ಅಂತ ಚಾರ್ಟ್ ತೆಗೆದೆ. ಆಗ ಮೂರೂ ನಲ್ವತ್ತು ಅಮ್ಮಾ. ಚಾರ್ಟಲ್ಲಿ ನಾಲ್ಕು ಗಂಟೆ ಬಿ.ಪಿ. ಆಗ್ಲೇ ಇತ್ತು. ನೂರಿಪ್ಪತ್ತಕ್ಕೆ ಎಂಬತ್ತು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಸುಲಿದ ಕಾಯಿ ಕೈಯಲ್ಲೇ ಇತ್ತು.

"ಬೆಳಿಗ್ಗೆ ಶಿಫ್ಟವರು ಬರೆದಿಟ್ಟು ಹೋಗಿದ್ರು. ನನಗೆ ಹೆಲ್ಪ್ ಆಗ್ಲಿ ಅಂತ! ಒಬ್ಳೇ ಇರ್ತಾಳಲ್ಲ, ಪಾಪ, ಅಂತ. ಸಹಿ ಜಾಗ ಮಾತ್ರ ಖಾಲಿ ಬಿಟ್ಟಿದ್ರು. ಅಲ್ಲಿ ಎಲ್ಲಾರೂ ಹಂಗೇ ಮಾಡೋದು. ನಾನೂ ಒಂದೆರಡು ಸಲ ಹಂಗೆ ಬರೆದಿರೋದಕ್ಕೆ ಸಹಿ ಹಾಕ್ಬುಟ್ಟಿದೀನಿ ಅಮ್ಮಾ." ಅವಳು ತಲೆ ಎತ್ತಲಿಲ್ಲ. "ನಿನ್ನೆ ಹಾಕಲಿಲ್ಲ. ಕಂಡಿದ್ದನ್ನ ಕಂಡ ಟೈಮಿಗೆ ಬರೆದು ಸಹಿ ಮಾಡಿದೆ. ಹೋಗೋವಾಗ ಇನ್‌ಚಾರ್ಜ್ ಸಿಸ್ಟರು ಹೊಸ ಹಾಳೆ ಕೊಟ್ರು. ನೀಟಾಗಿ ಬರೆದು ಸಹಿ ಹಾಕು, ಮೂರೂ ನಲ್ವತ್ತರದ್ದು ಬೇಡ, ಮ್ಯಾನೇಜರ್ ಹೇಳಿದ್ದಾರೆ ಅಂದ್ರು. ನಾನು ಆಗಲ್ಲ ಅಂದು ಬಂದ್ಬುಟ್ಟೆ. ಕೆಲಸ ಬಿಡ್ತೀನಿ ಅಮ್ಮಾ."

ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ನಾನು ಹೇಳಿದ್ದು ಇಷ್ಟು: "ಬಿಡೋದೇನೋ ಬಿಡು ಕಣಮ್ಮ, ಇನ್ನೊಂದು ಕೆಲಸ ಸಿಕ್ಕಿದ ಮೇಲೆ ಬಿಡು. ಎಲ್ಲಾ ಕಡೆ ಹೀಗೇ ಇರುತ್ತೆ. ಒಂದು ವರ್ಷ ಹೆಂಗೋ ತಡ್ಕೋ."

"ಅಷ್ಟರಲ್ಲಿ ಇನ್ನೊಬ್ಬ ಅಜ್ಜ ಬೋಂಡ ಕೇಳದೇ ಹೋದ್ರೆ?"

ಯಜಮಾನರು ಅಷ್ಟು ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. "ಅಲ್ಲ ಕಣೇ," ಎಂದರು ನನಗೆ, "ನಾನು ಕರ್ಪೂರ ಅಂತ ಹೇಳಿ ಮೇಣ ಮಾರಿದ್ರೆ ನೀನು ನನ್ ಜೊತೆ ಬಾಳ್ತಿದ್ಯಾ?"

"ಬಾಳ್ತಿದ್ರು ಅಪ್ಪಾಜಿ," ಎಂದಳು ಮಗಳು. "ದಿನಾ ಡೈರೀಲಿ ಬರ್ಕೊಂಡು ಬಾಳ್ತಿದ್ರು."

ಮೂವರೂ ನಕ್ಕೆವು. ಮಾತು ಅಲ್ಲಿಗೆ ನಿಂತಿತು. ಸಂಜೆ ಕಾಳನ್ನು ದೊಡ್ಡ ಪಾತ್ರೆಗೆ ಹಾಕಿ ನೀರು ತುಂಬಿಸಿ ನೆನೆಯಲು ಇಟ್ಟೆ.

ಅವರೆಕಾಳು ಒಮ್ಮೆ ನೆನೆಯಿತೆಂದರೆ ಮಾರನೆಯ ದಿನ ಹಿದುಕಲೇಬೇಕು. ಸಿಪ್ಪೆ ಉಬ್ಬಿಕೊಂಡಿರುತ್ತದೆ. ಹೆಬ್ಬೆಟ್ಟು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಒಳಗಿನ ಬೇಳೆ ಟಪ್ಪನೆ ಹೊರಬೀಳುತ್ತದೆ. ತಡ ಮಾಡಿದರೆ ಹುಳಿ ವಾಸನೆ ಬರುತ್ತದೆ. ಕಾಳು ನಮಗಾಗಿ ಕಾಯುವುದಿಲ್ಲ.

ಮಾರನೆಯ ಬೆಳಿಗ್ಗೆ ಮಗಳು ಅಡುಗೆ ಮನೆಗೆ ಬಂದಳು. ಮೈಮೇಲೆ ಸಮವಸ್ತ್ರವಿಲ್ಲ, ನೀಲಿ ಚೂಡಿದಾರ. ಕೈಯಲ್ಲಿ ಮಡಿಸಿದ ಒಂದು ಕಾಗದ.

"ರಾಜೀನಾಮೆ ಬರೆದಿದೀನಿ. ಕೊಟ್ಟು, ನನ್ನ ಪತ್ರಗಳನ್ನ ಇಸ್ಕೊಂಡು ಬರ್ತೀನಿ. ಅವು ಇಲ್ದಿದ್ರೆ ಎಲ್ಲೂ ಕೆಲಸ ಕೇಳೋಕೇ ಆಗಲ್ಲ."

ನಾನು ಕೈ ಒರೆಸಿಕೊಂಡು ಡೈರಿ ತೆಗೆದೆ. ನನಗೆ ದಿಕ್ಕು ತೋಚದಾಗ ಮಾಡುವ ಕೆಲಸ ಅದು. ದೊಡ್ಡ ಸಂಗತಿ, ಮೊದಲು ಬರೆದುಕೊಳ್ಳೋಣ ಎಂದು ಆ ದಿನದ ಪುಟ ತೆರೆದೆ. ಪುಟ ಖಾಲಿ ಇರಲಿಲ್ಲ.

"ಹಾಲು ಕಾಯಿಸಿದೆ. ಡಬ್ಬಿಗೆ ಚಿತ್ರಾನ್ನ ಕಟ್ಟಿದೆ. ಮಗಳು ಡ್ಯೂಟಿಗೆ ಹೋದಳು. ಎಲ್ಲರೂ ಕ್ಷೇಮ."

ನನ್ನದೇ ಅಕ್ಷರ. ಭಾನುವಾರ ಪುರುಸೊತ್ತಾಗಿ ಕೂತಾಗ ಇಡೀ ವಾರದ ಮಾಮೂಲಿ ಸಾಲುಗಳನ್ನು ಒಟ್ಟಿಗೆ ಬರೆದಿಟ್ಟುಬಿಡುವ ಚಾಳಿ ಯಾವಾಗ ಶುರುವಾಯಿತೋ ನನಗೇ ನೆನಪಿಲ್ಲ. ದಿನಾ ಇರುವುದೇ ತಾನೆ, ಹಾಲು ಕಾಯದೆ ಇರುತ್ತದೆಯೇ, ಮಗಳು ಹೋಗದೆ ಇರುತ್ತಾಳೆಯೇ ಎಂದು. ಸಂಜೆಗೆ ವಿಶೇಷವೇನಾದರೂ ಇದ್ದರೆ ಕೆಳಗೆ ಸೇರಿಸಿದರಾಯಿತು ಎಂದು. ನನಗೆ ಹೆಲ್ಪ್ ಆಗಲಿ ಅಂತ!

ಹಿಂದಿನ ಪುಟಗಳನ್ನು ತಿರುವಿದೆ. ಮಗಳಿಗೆ ಜ್ವರ ಬಂದು ಅರ್ಧ ದಿನದಲ್ಲೇ ವಾಪಸು ಬಂದ ದಿನದ ಪುಟದಲ್ಲೂ ಮೇಲೆ "ಎಲ್ಲರೂ ಕ್ಷೇಮ" ಎಂದೇ ಇತ್ತು. ಕೆಳಗೆ ಚಿಕ್ಕದಾಗಿ "ಮಗಳಿಗೆ ಜ್ವರ, ಗಂಜಿ" ಎಂದಿತ್ತು. ಹೀಗೆ ಪುಟ ತಿರುವುತ್ತಿದ್ದಾಗಲೇ ಒಲೆಯ ಮೇಲೆ ಹಾಲು ಉಕ್ಕಿತು. ಅದನ್ನೂ ನಾನು ನೋಡಲಿಲ್ಲ, ಮಗಳು ಓಡಿಬಂದು ಗ್ಯಾಸು ಆರಿಸಿದಳು. ನಾನು ಮತ್ತೆ ತೆರೆದ ಆ ದಿನದ ಪುಟ ಅವಳ ಕಣ್ಣಿಗೂ ಬಿತ್ತು. ಓದಿದಳು.

"ಅಮ್ಮಾ, ನಾಲ್ಕು ಗಂಟೆ ಬಿ.ಪಿ. ನೀನೂ ಬರೀತೀಯಾ?"

ಬೈದಿದ್ದರೆ ಸಹಿಸಬಹುದಿತ್ತು. ಅವಳು ನಗುತ್ತಿದ್ದಳು. ನಾನು ಪೆನ್ನು ತೆಗೆದು ಆ ನಾಲ್ಕು ಸಾಲುಗಳ ಮೇಲೆ ಗೀಟು ಎಳೆದೆ. ಆಮೇಲೆ, "ಉಪ್ಪಿಟ್ಟು ತಿನ್ನು. ನಾನೂ ಬರ್ತೀನಿ" ಎಂದೆ.

"ನೀನ್ಯಾಕೆ? ಅವ್ರು ಸುಮ್ನೆ ಕೊಡಲ್ಲ. ಗಂಟೆಗಟ್ಟಲೆ ಕೂರಿಸ್ತಾರೆ."

"ಕೂರೋದು ನಂಗೇನು ಹೊಸದಾ?"

ಅಲ್ಲವೇ ಅಲ್ಲ. ರೇಷನ್ ಕಾರ್ಡಿಗೆ, ಕಂದಾಯಕ್ಕೆ, ಅತ್ತೆಯವರ ಆಸ್ಪತ್ರೆಗೆ ಎಂದು ಎಷ್ಟು ಕಡೆ ಕೂತಿಲ್ಲ ನಾನು! ಹೋಗುವಾಗ ಒಂದು ಚೀಲ ಹತ್ತಿ ಒಯ್ಯುತ್ತೇನೆ. ಕೂತಲ್ಲೇ ಬತ್ತಿ ಹೊಸೆಯುತ್ತೇನೆ. ನಮ್ಮ ಅಂಗಡಿಯ ಬತ್ತಿಗಳಲ್ಲಿ ಅರ್ಧದಷ್ಟು ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಹುಟ್ಟಿದವು. ಆ ದಿನ ಮಾತ್ರ ಹತ್ತಿಯ ಚೀಲಕ್ಕೆ ಕೈ ಹಾಕಿದವಳು ತಿರುಗಿ ನೋಡಿದರೆ ಅವರೆಕಾಳು ಪಾತ್ರೆಯಲ್ಲಿ ಉಬ್ಬಿ ಕೂತಿತ್ತು. ಅದನ್ನು ಬಿಟ್ಟು ಹೇಗೆ ಹೋಗಲಿ? ನೀರು ಬಸಿದು, ಮಗಳು ಉಪ್ಪಿಟ್ಟು ತಿನ್ನುವಷ್ಟರಲ್ಲಿ ಒಂದು ಹಿಡಿ ಹಿದುಕಿ, ಪಾತ್ರೆಗೆ ಮುಚ್ಚಳ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಜೊತೆಗೆ ಬೇಳೆಗೊಂದು ಡಬ್ಬಿ, ಸಿಪ್ಪೆಗೊಂದು ಕವರು ಇಟ್ಟುಕೊಂಡು ಹೊರಟೆ.

"ಅಮ್ಮಾ, ಬೇಡ ಅಮ್ಮಾ," ಎಂದಳು ಮಗಳು, ಬಸ್ ಸ್ಟ್ಯಾಂಡಿನವರೆಗೂ ಹೇಳುತ್ತಲೇ ಬಂದಳು. ಕಂಡಕ್ಟರು ಆಧಾರ್ ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟವರು ಗಂಟನ್ನೂ ಮೂಸಿ ನೋಡಿ, "ಸೊಗಡು ಜೋರಾಗದೆ ಕಣಕ್ಕ, ಇದಕ್ಕೂ ಒಂದು ಟಿಕೆಟ್ ಹರೀಬೇಕಾಯ್ತದೆ" ಎಂದರು.

ಆಸ್ಪತ್ರೆಯಲ್ಲಿ ಮಗಳು ರಾಜೀನಾಮೆ ಕೊಟ್ಟು ನಕಲಿಗೆ ಸೀಲು ಹಾಕಿಸಿಕೊಂಡಳು. ಮ್ಯಾನೇಜರು ಬಂದದ್ದು ಹನ್ನೊಂದಕ್ಕೆ. ಕನ್ನಡಕ, ಇಸ್ತ್ರಿ ಅಂಗಿ, ನಮ್ಮ ಯಜಮಾನರ ವಯಸ್ಸಿನವರು. ಅವರ ಕುರ್ಚಿಯ ಹಿಂದೆಯೇ ಕಬ್ಬಿಣದ ಬೀರು. ನನ್ನ ಕಣ್ಣು ಅದರ ಮೇಲೇ ಇತ್ತು.

"ನೋಡಮ್ಮಾ, ನೀನಿನ್ನೂ ಹೊಸಬಳು," ಎಂದರು ಮಗಳಿಗೆ. ದನಿಯೇನೋ ಮೆತ್ತಗಿತ್ತು. "ಬೇರೆ ಕಡೆ ಕೆಲಸ ಸಿಕ್ಕಿದ್ಯಾ?"

"ಇಲ್ಲ ಸಾರ್."

"ಮತ್ತೆ? ಮನೇಲಿ ಕೂತು ಏನ್ ಮಾಡ್ತೀಯಾ? ಸರಿ, ಹೋಗೋದಾದ್ರೆ ಹೋಗು. ಆ ಹಾಳೆ ಒಂದು ಬಾಕಿ ಇದೆ. ನೀಟಾಗಿ ಬರೆದು ಸಹಿ ಹಾಕ್ಬುಡು, ಫೈಲ್ ತಗೊಂಡು ಹೋಗು. ಎರಡು ನಿಮಿಷದ ಕೆಲಸ."

ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ಪೆನ್ನಿನ ಕ್ಯಾಪು ಕೂಡ ಅವರೇ ತೆಗೆದಿಟ್ಟಿದ್ದರು. ಮಗಳು ಪೆನ್ನು ಮುಟ್ಟಲಿಲ್ಲ. ಮೂರು ವರ್ಷದ ಓದು ಆ ಬೀರುವಿನೊಳಗೆ. ಸಹಿ ಹಾಕಿದರೆ ಅಜ್ಜನಿಗೆ ಆ ಮಧ್ಯಾಹ್ನ ಏನೂ ಆಗಿಯೇ ಇಲ್ಲ ಎಂದಾಗುತ್ತದೆ, ನಾಳೆ ಇನ್ನೊಬ್ಬಳು ಹುಡುಗಿ ಬಂದು ಅದೇ ಎರಡು ಮಹಡಿಯ ನಡುವೆ ಓಡುತ್ತಾಳೆ.

"ನಾನು ನೋಡಿದ್ದಕ್ಕೆ ಆವತ್ತೇ ಸಹಿ ಹಾಕಿದೀನಿ ಸಾರ್. ನೋಡದೇ ಇರೋದಕ್ಕೆ ಹಾಕಲ್ಲ."

"ಹಂಗಾದ್ರೆ ಹೊರಗೆ ಕೂತ್ಕೊಂಡು ಯೋಚನೆ ಮಾಡು."

"ಆಗ್ಲಿ ಸಾರ್, ಕೂತ್ಕೋತೀವಿ," ಎಂದೆ ನಾನು. ನಿಜಕ್ಕೂ ಸಮಾಧಾನವಾಗಿಯೇ ಹೇಳಿದೆ.

ಹೊರಗೆ ಸ್ಟೀಲ್ ಕುರ್ಚಿಗಳ ಸಾಲು. ಎದುರಿಗೇ ರಿಸೆಪ್ಷನ್. ನಾನು ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದು ಬಂದು, ಮಡಿಲಲ್ಲಿ ಬಟ್ಟೆ ಹಾಸಿ, ಗಂಟು ಬಿಚ್ಚಿದೆ. ಮಗಳು ಮುಖಕ್ಕೆ ದುಪಟ್ಟಾ ಅಡ್ಡ ಹಿಡಿದಳು.

"ಅಮ್ಮಾ, ಇದು ಆಸ್ಪತ್ರೆ."

"ಅದಕ್ಕೇ ಸೋಪು ಹಾಕಿದೆ."

ಹತ್ತು ನಿಮಿಷ ನಾನೊಬ್ಬಳೇ ಹಿದುಕಿದೆ. ಪಕ್ಕದಲ್ಲಿ ಸೊಸೆಯ ಹೆರಿಗೆಗೆಂದು ಬಂದ ಒಬ್ಬ ಅಜ್ಜಿ ಕೂತಿದ್ದರು. ಓರೆಗಣ್ಣಲ್ಲಿ ನೋಡಿ ನೋಡಿ ಕೊನೆಗೆ ತಡೆಯಲಾಗಲಿಲ್ಲ. "ಅಯ್ಯೋ, ಇಂಗೆ ಒಂದೊಂದ್ನೇ ಇದುಕ್ತಾ ಕೂತ್ರೆ ಕೂಸು ಉಟ್ಟಿ ನಾಮಕರಣ ಆಯ್ತದೆ ಕಣವ್ವ! ತಾ ಇತ್ಲಾಗೆ" ಎಂದು, ಎದ್ದು ಹೋಗಿ ಕೈ ತೊಳೆದು ಬಂದರು. ಏನು ವೇಗ ಅವರದು! ಎರಡೂ ಕೈಯಲ್ಲಿ ಒಟ್ಟಿಗೆ ಹಿದುಕುತ್ತಿದ್ದರು. ಟಪಟಪನೆ ಬೇಳೆ ಡಬ್ಬಿಗೆ ಬೀಳುತ್ತಿತ್ತು.

"ಅಲ್ಲವ್ವ, ಯಾರ್ನ ನೋಡಕ್ಕೆ ಬಂದಿದ್ದೀಯೆ?"

ಸುಳ್ಳು ಹೇಳಲು ಏನಿತ್ತು? "ಯಾರ್ನೂ ಇಲ್ಲಮ್ಮ. ನನ್ನ ಮಗಳು ಇಲ್ಲಿ ನರ್ಸು, ಕೆಲಸ ಬಿಟ್ಟಿದಾಳೆ. ಅವಳ ಅಂಕಪಟ್ಟಿ ಎಲ್ಲಾ ಇವ್ರ ಬೀರುನಲ್ಲಿವೆ. ಕೊಡ್ತಾರೆ ಅಂತ ಕೂತಿದೀನಿ."

ಅಜ್ಜಿಯ ಪಕ್ಕದಲ್ಲಿದ್ದ ಹೆಂಗಸು ಸ್ಕ್ಯಾನಿನ ಕವರು ಬದಿಗಿಟ್ಟು ಬಂದರು. ಅವರೂ ಕೇಳಿದರು. ನಾನು ಅದನ್ನೇ ಹೇಳಿದೆ. ಅವರ ಅತ್ತಿಗೆ ಬಂದರು. ಅವರಿಗೂ ಅದೇ ಉತ್ತರ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ. ಅಷ್ಟರಲ್ಲಿ ಕುರ್ಚಿಯ ಸಾಲಿಡೀ ಅವರೆಯ ಸೊಗಡು, ನಗು, ಸಾರಿಗೆ ಗಸಗಸೆ ಹಾಕಬೇಕೋ ಬೇಡವೋ ಎಂಬ ಚರ್ಚೆ. ಗಸಗಸೆ ಬೇಕು ಎನ್ನುವ ಅಜ್ಜಿಯ ಪಕ್ಷ ಒಂದು ಕಡೆ, ಕಾಯಿ ಕೊತ್ತಂಬರಿ ಸಾಕು ಎನ್ನುವವರು ಇನ್ನೊಂದು ಕಡೆ. ಮಗಳ ದುಪಟ್ಟಾ ಯಾವಾಗಲೋ ಮುಖದಿಂದ ಜಾರಿತ್ತು. ಅವಳೂ ಹಿದುಕುತ್ತಿದ್ದಳು.

ಮಧ್ಯದಲ್ಲಿ ಮಹಡಿಯಿಂದ ಒಬ್ಬ ಸಿಸ್ಟರು ಇಳಿದು ಬಂದರು. ಕಣ್ಣ ಕೆಳಗೆ ಕಪ್ಪು, ಕೂದಲು ಅರ್ಧ ಬಿಚ್ಚಿದೆ. ಮಗಳು ಎದ್ದು ನಿಂತಳು. ಇನ್‌ಚಾರ್ಜ್ ಅವರೇ ಎಂದು ಗೊತ್ತಾಯಿತು. ನಾನು ಮನಸ್ಸಿನಲ್ಲಿ ಬಯ್ಯಬೇಕೆಂದು ಎತ್ತಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಆದರೆ ಆಕೆ ಮಗಳ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತು, ಐದಾರು ಕಾಳು ಹಿದುಕಿದರು. ಮೇಲಿನಿಂದ ಬೆಲ್ಲು ಕೇಳಿಸಿತು. ಮಗಳ ಭುಜ ಒಮ್ಮೆ ಮುಟ್ಟಿ, ಕೈ ತೊಳೆದುಕೊಂಡು ಮೆಟ್ಟಿಲು ಹತ್ತಿ ಓಡಿದರು. ನನ್ನ ಬೈಗುಳ ನನ್ನಲ್ಲೇ ಉಳಿಯಿತು.

ಹನ್ನೆರಡೂವರೆಯ ಹೊತ್ತಿಗೆ ಒಬ್ಬರು ತಾಯಿಯನ್ನು ಆಪರೇಷನ್ನಿಗೆ ಸೇರಿಸಲು ಬಂದರು. ಅಜ್ಜಿಯೇ ಮುಂದಾಗಿ ಅವರಿಗೆ ನಮ್ಮ ಸಮಾಚಾರವನ್ನೆಲ್ಲ ಹೇಳಿದರು. ಅವರು ಕೇಳಿಸಿಕೊಂಡು ನೇರ ರಿಸೆಪ್ಷನ್ನಿಗೆ ಹೋದರು.

"ಮೇಡಂ, ನಮ್ಮಮ್ಮನ ಆಧಾರ್ ಕಾರ್ಡು, ಹಳೇ ರಿಪೋರ್ಟು ಕೊಟ್ನಲ್ಲಾ, ವಾಪಸ್ ಕೊಡ್ತೀರಾ ತಾನೆ? ಇಲ್ಲ ಅವೂ ಬೀರುಗೆ ಹೋದ್ವಾ?"

ರಿಸೆಪ್ಷನ್ನಿನ ಹುಡುಗಿ ನಗು ತಡೆಯಲಾಗದೆ ಕಂಪ್ಯೂಟರಿನ ಹಿಂದೆ ಬಗ್ಗಿದಳು. ಆಮೇಲೆ ಸ್ಕ್ಯಾನಿನ ಹೆಂಗಸಿಗೂ ತಮ್ಮ ಕಾಗದಗಳು ನೆನಪಾದವು. ಅವರ ಅತ್ತಿಗೆಗೂ ನೆನಪಾದವು. ನಾಲ್ಕೈದು ಜನ ರಿಸೆಪ್ಷನ್ನಿನ ಮುಂದೆ ನಿಂತು, "ನಮ್ದೂ ಕೊಟ್ಬುಡಿ, ನಮ್ದೂ ಕೊಟ್ಬುಡಿ" ಎನ್ನತೊಡಗಿದರು. ಈ ಗದ್ದಲಕ್ಕೆ ಮ್ಯಾನೇಜರು ಬಾಗಿಲು ತೆರೆದು ಹೊರಗೆ ಬಂದರು.

ಅದೇ ಹೊತ್ತಿಗೆ ಅಜ್ಜಿಯ ಕೈಯಿಂದ ಒಂದು ಬೇಳೆ ಚಿಮ್ಮಿತು. ಮೇಲೆ ಹಾರಿ, ಸರಿಯಾಗಿ ಮ್ಯಾನೇಜರ ಅಂಗಿಯ ಜೇಬಿಗೆ ಹೋಗಿ ಬಿತ್ತು. ಪೆನ್ನಿನ ಪಕ್ಕಕ್ಕೆ.

ಅವರು ಜೇಬಿಗೆ ಬೆರಳು ಹಾಕಿ ಬೇಳೆಯನ್ನು ತೆಗೆದರು, ನೋಡಿದರು, ಸಾಲಾಗಿ ಕೂತ ಹೆಂಗಸರನ್ನು ನೋಡಿದರು, ನನ್ನ ಮಡಿಲಿನ ಪಾತ್ರೆಯನ್ನು ನೋಡಿದರು.

"ಏನ್ರಮ್ಮಾ ಇದು? ಇದು ಆಸ್ಪತ್ರೆನಾ, ಕಲ್ಯಾಣ ಮಂಟಪನಾ?"

"ನೀವೇ ಕೂತ್ಕೊಳ್ಳಿ ಅಂದ್ರಲ್ಲಾ ಸಾರ್," ಎಂದೆ. "ಸುಮ್ನೆ ಕೂತ್ರೆ ಕಾಳು ಹುಳಿ ಆಗುತ್ತೆ. ಇನ್ನೂ ಸ್ವಲ್ಪ ಇದೆ. ಇವತ್ತು ಆಗದಿದ್ರೆ ನಾಳೆ ಬರ್ತೀವಿ. ನಾಳೆಗೆ ಬತ್ತಿ ಹೊಸೆಯೋದಿದೆ."

ನಾನು ಹೆದರಿಸಲು ಹೇಳಿದ್ದಲ್ಲ. ನಾಳೆ ಬತ್ತಿ ಹೊಸೆಯುವುದು ನಿಜವಾಗಿಯೂ ಇತ್ತು. ಆದರೆ ಅವರು ರಿಸೆಪ್ಷನ್ನಿನ ಮುಂದೆ ನಿಂತ ಜನರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಒಳಗೆ ಹೋದರು. ಬೀರು ತೆರೆದ ಕಿರ್ ಎಂಬ ಸದ್ದು ಹೊರಗೆ ಕೇಳಿಸಿತು. ಫೈಲು ತಂದು ಮಗಳ ಕೈಗೆ ಕೊಟ್ಟರು. ಆ ಹಾಳೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಮಗಳು ಅಲ್ಲೇ ನಿಂತು ಒಂದೊಂದಾಗಿ ತೆಗೆದು ನೋಡಿದಳು. ಆರೂ ಇದ್ದವು. "ಥ್ಯಾಂಕ್ಸ್ ಸಾರ್" ಎಂದಳು.

ಅವರು ಒಳಗೆ ಹೋಗುತ್ತಾ ಹೋಗುತ್ತಾ ತಿರುಗಿ, ಕೈಯಲ್ಲಿದ್ದ ಆ ಒಂದು ಬೇಳೆಯನ್ನು ನೋಡಿ, "ಈ ವರ್ಷ ನಮ್ಮನೇಲಿ ಇನ್ನೂ ಮಾಡಿಲ್ಲ" ಎಂದರು. ನನಗೆ ಅವರ ಮೇಲೆ ಸಿಟ್ಟು ಹೋಯಿತು ಎಂದಲ್ಲ, ಆದರೂ ಒಂದು ಹಿಡಿ ಬೇಳೆ ಕೊಡೋಣವೇ ಎಂದು ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಮಗಳು ನನ್ನ ಕೈ ಹಿಡಿದುಕೊಂಡಳು. "ಅಷ್ಟೆಲ್ಲಾ ಒಳ್ಳೆಯವಳಾಗ್ಬೇಡ" ಎಂದಳು ಮೆಲ್ಲಗೆ. ಆ ಹಿಡಿಯನ್ನು ಅಜ್ಜಿಯ ಸೆರಗಿಗೆ ಹಾಕಿದೆ. ಉಳಿದ ಕಾಳು ಮುಗಿಯುವವರೆಗೂ ಯಾರೂ ನಮ್ಮನ್ನು ಏಳಲು ಬಿಡಲಿಲ್ಲ. ಸಿಪ್ಪೆ ಒಂದೂ ನೆಲದ ಮೇಲೆ ಉಳಿಯದಂತೆ ಆರಿಸಿ ಕವರಿಗೆ ತುಂಬಿಕೊಂಡು, ನಾನು ಕೂತ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಮಗಳು, ಅವಳ ಮಡಿಲಲ್ಲಿ ಫೈಲು. ನನ್ನ ಮಡಿಲಲ್ಲಿ ಬೇಳೆಯ ಡಬ್ಬಿ. ಇಬ್ಬರೂ ಅವನ್ನು ಒಂದೇ ಥರ ತಬ್ಬಿ ಹಿಡಿದಿದ್ದೆವು. ಆ ಜೇಬಿನ ಬೇಳೆ ನೆನಪಾದಾಗಲೆಲ್ಲ ನಗು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು.

"ಅಮ್ಮಾ, ನಂಗೀಗ ಕೆಲಸ ಇಲ್ಲ," ಎಂದಳು ನಗುತ್ತಲೇ.

"ಗೊತ್ತು ಕಣಮ್ಮ."

"ಸಂಜೆ ಡೈರೀಲಿ ಏನಂತ ಬರೀತೀಯಾ?"

"ಸಂಜೆ ಆಗ್ಲಿ. ಆಮೇಲೆ ಬರೀತೀನಿ."

ಬೀದಿಯ ತಿರುವಿನಲ್ಲೇ ಯಜಮಾನರು ಕಂಡರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎರಡೂ ಕಡೆ ನೋಡುತ್ತಿದ್ದರು. ನಾವು ಹೋಗುವಾಗ ಅವರು ಮಠಕ್ಕೆ ವಿಭೂತಿ ಕೊಡಲು ಹೋಗಿದ್ದರು. ಹೇಳಿ ಹೋಗಲು ಗಡಿಬಿಡಿಯಲ್ಲಿ ಮರೆತಿದ್ದೆ.

"ಬಂದು ನೋಡ್ತೀನಿ, ಹೆಂಡ್ತೀನೂ ಇಲ್ಲ, ಅವರೆಕಾಳೂ ಇಲ್ಲ! ಹೆಂಡ್ತಿ ಹೋದ್ರೆ ಬರ್ತಾಳೆ. ಕಾಳು ಎಲ್ಲಿ ಹೋಯ್ತು ಅಂತ ಗಾಬರಿಯಾಯ್ತು ಕಣೇ."

ಮಗಳು ಫೈಲನ್ನು ಅವರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ, ರಿಜಿಸ್ಟ್ರೇಷನ್ ಪತ್ರ ತೆಗೆದು, ಅದರಲ್ಲಿದ್ದ ಮಗಳ ಹೆಸರನ್ನು ಪೂರ್ತಿ ಓದಿಕೊಂಡರು. ಮತ್ತೆ ಒಳಗಿಟ್ಟು, "ನಾಳೆಯಿಂದ ಕರ್ಪೂರ ಪೊಟ್ಣ ಕಟ್ಟೋಕೆ ಬಾ. ಇನ್ನೊಂದು ಕೆಲಸ ಸಿಗೋವರ್ಗೂ ನಮ್ಮಂಗ್ಡೀಲಿ ಡ್ಯೂಟಿ. ಒಂದೇ ಶಿಫ್ಟು" ಎಂದರು.

"ಎಷ್ಟು ಮಹಡಿ ಅಪ್ಪಾಜಿ?"

"ಅಟ್ಟ ಒಂದಿದೆ. ಅಲ್ಲಿ ಇಲಿ ಬಿಟ್ರೆ ಯಾರೂ ಬೆಲ್ ಮಾಡಲ್ಲ."

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಬೆಳಿಗ್ಗೆಯ ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ಇತ್ತು. ಇರಲಿ ಎಂದು ಬಿಟ್ಟೆ. ಕಾಯಿ, ಕೊತ್ತಂಬರಿ, ಚಕ್ಕೆ ಲವಂಗ ರುಬ್ಬಿ, ಗಸಗಸೆ ಹಾಕಿದೆ. ಆ ಚರ್ಚೆಯಲ್ಲಿ ಅಜ್ಜಿಯ ಪಕ್ಷವೇ ಸರಿ ಎಂದು ನನಗನ್ನಿಸಿತ್ತು. ಬೇಳೆ ಬೆಂದ ವಾಸನೆಗೆ ಪಕ್ಕದ ಮನೆಯವರು ಗೋಡೆಯ ಆಚೆಯಿಂದ, "ಏನ್ರೀ, ಇವತ್ತು ಜೋರಾ?" ಎಂದು ಕೂಗಿದರು. ಒಂದು ಲೋಟ ಸಾರು ಅಲ್ಲಿಗೂ ಹೋಯಿತು.

ಮೂರು ಗಂಟೆಗೆ ಮೂವರೂ ಒಟ್ಟಿಗೆ ಕೂತು ಉಂಡೆವು. ಮಗಳ ಶಿಫ್ಟುಗಳಿಂದಾಗಿ ಐದು ತಿಂಗಳಲ್ಲಿ ಹಾಗೆ ಒಟ್ಟಿಗೆ ಕೂತದ್ದು ಕಮ್ಮಿ. ಅವಳು ಎರಡು ಮುದ್ದೆ ಉಂಡಳು. ಎರಡನೆಯದನ್ನು ಅರ್ಧ ಮುರಿದು ಕೊಡಲು ಹೋದರೆ, "ಪೂರ್ತಿ ಹಾಕು" ಎಂದಳು. ಕೈ ತೊಳೆದವಳು ನಡುಮನೆಯ ಚಾಪೆಯ ಮೇಲೆ, ಬಿಸಿಲು ಬೀಳುವ ಜಾಗದಲ್ಲಿ, ಸುಮ್ಮನೆ ಕಾಲು ಚಾಚಿದಳು. ಅಂಗಡಿಗೆ ಯಾರೋ ಬಂದು ಊದುಬತ್ತಿ ಕೇಳಿದರು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ದೇವಸ್ಥಾನದಲ್ಲಿ ಯಾರೋ ಗಂಟೆ ಬಾರಿಸಿದರು. ಅವಳ ರೆಪ್ಪೆ ಕೂಡ ಅಲುಗಲಿಲ್ಲ.

ನಾನು ಡೈರಿ ತೆಗೆದುಕೊಂಡು ಅವಳ ಪಕ್ಕ ಕೂತೆ. ಗಡಿಯಾರ ನಾಲ್ಕು ಹೊಡೆಯುವವರೆಗೆ ಕಾದೆ. ಹೊಡೆದ ಮೇಲೆ ಅವಳ ಮುಖ ಇನ್ನೊಮ್ಮೆ ನೋಡಿ, ಗೀಟು ಹೊಡೆದ ಸಾಲುಗಳ ಕೆಳಗೆ ಆ ದಿನದ್ದೆಲ್ಲ ಬರೆದೆ. ಕೊನೆಗೆ ಹೀಗೆ ಬರೆದೆ:

ಊಟಕ್ಕೆ ರಾಗಿಮುದ್ದೆ, ಹಿದುಕಿದ ಅವರೆಬೇಳೆ ಸಾರು, ಅನ್ನ, ಮಜ್ಜಿಗೆ. ಮೊದಲು ನಿದ್ದೆ ಹೋದವಳು ಮಗಳು, ಮೂರೂವರೆಗೆ. ಆಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ಅವಳ ಅಪ್ಪ. ನನಗೆ ಇನ್ನೂ ನಿದ್ದೆ ಬಂದಿಲ್ಲ.